ಮುಂಜಾನೆ ಸೋರುವ ಗಾಳಿ

ಖಾಸಬಾಗ, ಬೆಳಗಾವಿ
೩ ಡಿಸೆಂಬರ್ ೨೦೨೪

ಚಂದ್ರಭಾಗಾಬಾಯಿ ಅವರಿಗೆ ನಾಗರತ್ನಾ ಮಾಡುವ ಶರಣಾರ್ಥಿ.

ನಾನು ನಿಮಗೆ ಗೊತ್ತಿಲ್ಲ. ನನ್ನ ಹಳದಿ ಚುಕ್ಕೆ ಗೊತ್ತಿರಬಹುದು. ನಿಮ್ಮ ಜೀಪಿನ ಮೂತಿಯ ಹಿಂದೆ ಅಲ್ಯುಮಿನಿಯಂ ಜಾಳಿಗೆಯ ಒಂದು ಪೆಟ್ಟಿಗೆ ಕೂತಿದೆಯಲ್ಲ, ಇಂಟರ್‌ಕೂಲರ್, ಅದರ ಒಂದು ಮೂಲೆಯಲ್ಲಿ ಹಳದಿ ಬಣ್ಣದ ಚುಕ್ಕೆ ಇದೆ. ಅದನ್ನು ಇಟ್ಟವಳು ನಾನು. ಈ ಪೀಸಿನಿಂದ ಗಾಳಿ ಸೋರುವುದಿಲ್ಲ ಎಂದು ಅದರ ಅರ್ಥ. ಆ ಚುಕ್ಕೆಯ ಸಲುವಾಗಿಯೇ ನನ್ನನ್ನು ಈಗ ಕೆಲಸದಿಂದ ನಿಲ್ಲಿಸಿದ್ದಾರೆ.

ನಮ್ಮ ಕಾರ್ಖಾನೆಯಲ್ಲಿ ಹೆಂಗಸರು ಮಾಡುವ ಕೆಲಸ ಇದು. ಟರ್ಬೊ ಊದುವ ಗಾಳಿ ಕಾದಿರುತ್ತದೆ. ಅದನ್ನು ತಣಿಸಿ ಇಂಜಿನ್ನಿಗೆ ಕೊಡುವುದು ಈ ಪೆಟ್ಟಿಗೆ. ನಡುವೆ ಸೋರಿದರೆ ಗಾಡಿಗೆ ದಮ್ಮು ಇರುವುದಿಲ್ಲ. ಅದಕ್ಕೆ ನಾವು ಪೆಟ್ಟಿಗೆಯ ಎರಡೂ ಬಾಯಿಗೆ ರಬ್ಬರ್ ಬೂಚು ಬಿಗಿದು, ಒಂದರ ಒಳಗಿಂದ ಕಂಪ್ರೆಸರಿನ ಗಾಳಿ ತುಂಬಿ, ನೀರಿನ ಟ್ಯಾಂಕಿನಲ್ಲಿ ಮುಳುಗಿಸಿ ಹಿಡಿಯುತ್ತೇವೆ. ಗುಳ್ಳೆ ಎದ್ದರೆ ಪೀಸು ಬಾಜುಕ್ಕೆ. ಗುಳ್ಳೆ ಏಳದೆ, ಗೇಜಿನ ಮುಳ್ಳೂ ಇಳಿಯದಿದ್ದರೆ ಚುಕ್ಕೆ, ಒಬ್ಬೊಬ್ಬಳಿಗೆ ಒಂದೊಂದು ಬಣ್ಣ. ನಿಮ್ಮ ಪೀಸಿಗೂ ಹಾಗೆಯೇ ಮಾಡಿದ್ದೇನೆ. ನನ್ನ ಕಣ್ಣು ಕುರುಡಲ್ಲ.

ಹೋದ ವಾರ ಸೂಪರ್‌ವೈಸರ್ ಶಶಿಧರ ಬಂದು, "ಖಾನಾಪುರದಿಂದ ತಕ್ರಾರ ಬಂದೈತಿ. ನಿನ್ನ ಚುಕ್ಕಿ ಇದ್ದ ಪೀಸು ಸೋರಾಕ ಹತ್ತೈತಂತ. ಇನ್ನ ಮನ್ಯಾಗ ಕುಂದ್ರು" ಅಂದ. ಸೋರಿದ ಪೀಸು ಎಲ್ಲಿದೆ ಎಂದು ಕೇಳಿದೆ. ತೋರಿಸಲಿಲ್ಲ. ಹೆಂಗಸರ ಸಂಘ ಕಟ್ಟಿದವಳು ನಾನು. ಅವರಿಗೆ ಒಂದು ನೆಪ ಬೇಕಿತ್ತು, ನಿಮ್ಮ ತಕರಾರು ಸಿಕ್ಕಿತು. ಜನವರಿ ಹತ್ತಕ್ಕೆ ಕಾರ್ಮಿಕ ಅಧಿಕಾರಿ ಕಾರ್ಖಾನೆಗೇ ಬಂದು ವಿಚಾರಣೆ ಮಾಡುತ್ತಾರೆ. ಪೀಸು ಸೋರಿಲ್ಲ ಎಂದಾದರೆ ನನ್ನ ಕೆಲಸ ಉಳಿಯುತ್ತದೆ. ಸೋರಿದೆ ಎಂದಾದರೆ ಹೋಯಿತು.

ಫೋನ್ ಮಾಡಬಹುದಿತ್ತು. ನನ್ನ ಜೋಡಿ ಟ್ಯಾಂಕಿನ ಮುಂದೆ ನಿಲ್ಲುವ ಗಂಗಾದೇವಿ ಫೋನಿನಲ್ಲಿ ಆಡಿದ ಮಾತನ್ನು ಯಾರೋ ಹಿಂದುಮುಂದು ಕತ್ತರಿಸಿ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹಂಚಿದರು. ಅಂದಿನಿಂದ ಸಂಘದಲ್ಲಿ ಠರಾವು ಮಾಡಿದ್ದೇವೆ, ತೂಕದ ಮಾತೆಲ್ಲ ಕಾಗದದ ಮೇಲೆಯೇ. ಖಾನಾಪುರ ಬಸ್ಸಿನ ಕಂಡಕ್ಟರ್ ಭರಮಣ್ಣ ನಮ್ಮ ಓಣಿಯವನು, ನಿಮ್ಮ ಹೆಸರು ಪತ್ತೆ ಮಾಡಿದವನೂ ಅವನೇ. ಅವನ ಕೈಯಲ್ಲಿ ಉತ್ತರ ಕೊಡಿರಿ. ನಿಮ್ಮ ಗಾಡಿಗೆ ಖರೇ ಏನಾಯಿತು ಎಂಬುದಷ್ಟೇ ನನಗೆ ಬೇಕು.

ನಾಗರತ್ನಾ


ಖಾನಾಪುರ
೭ ಡಿಸೆಂಬರ್ ೨೦೨೪

ನಾಗರತ್ನಾಬಾಯಿ ಅವರಿಗೆ ನಮಸ್ಕಾರ.

ನನ್ನ ಮನೆಮಾತು ಮರಾಠಿ. ಕಲಿತದ್ದು ಕನ್ನಡ ಸಾಲಿಯಲ್ಲಿ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನಾನು ನಿಮ್ಮ ಮೇಲೆ ತಕರಾರು ಮಾಡಿಲ್ಲ. ನೀವು ಹುಟ್ಟಿದ್ದೀರೆಂದೇ ನನಗೆ ಗೊತ್ತಿರಲಿಲ್ಲ. ನಾನು ಜಗಳ ತೆಗೆದದ್ದು ಪೀಸು ಮಾರಿದ ಅಂಗಡಿಯವನ ಸಂಗಡ.

ಜಾಂಬೋಟಿ ಕಡೆಯ ಕಾಡಿನೂರುಗಳಿಂದ ಖಾನಾಪುರಕ್ಕೆ ನಾನು ಜೀಪು ಹೊಡೆಯುತ್ತೇನೆ. ಗಾಡಿ ನನ್ನದೇ. ಮುಂಜಾನೆಯ ಟ್ರಿಪ್ಪಿನಲ್ಲಿ ಕಾಲೇಜಿನ ಹುಡುಗಿಯರು, ಹಾಲಿನ ಕ್ಯಾನು, ದವಾಖಾನೆಗೆ ಹೋಗುವವರು. ಹಳ್ಳ ದಾಟಿದ ಮೇಲೆ ಒಂದು ಏರು ಬರುತ್ತದೆ. ನಿಮ್ಮ ಪೀಸು ಹಾಕಿಸಿದ ಮೇಲೆ ಆ ಏರಿನಲ್ಲಿ ಗಾಡಿ ಸೀಟಿ ಹೊಡೆಯಲು ಹತ್ತಿತು. ಮೂಗಿನಿಂದ ಸುಯ್ ಅಂತ ಸದ್ದು, ಹಿಂದೆ ಕರಿ ಹೊಗೆ. ಎಕ್ಸಲೇಟರ್ ಪೂರಾ ತುಳಿದರೂ ಎಳೆಯುವುದಿಲ್ಲ. ಒಂದು ದಿನ ನಡು ಏರಿನಲ್ಲಿ ಹಿಂದಕ್ಕೆ ಜಾರಿತು. ಬ್ರೇಕಿನ ಮೇಲೆ ನಿಂತು ಎಲ್ಲರನ್ನೂ ಇಳಿಸಿದೆ. ಬಸುರಿ ಹೆಣ್ಣುಮಗಳೊಬ್ಬಳು ಹೊಟ್ಟೆ ಹಿಡಿದುಕೊಂಡು ಆ ಏರು ಹತ್ತಿದಳು. ಅವಳ ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ಮರೆಯಲಾಗಿಲ್ಲ.

ಖಾನಾಪುರ ಮುಟ್ಟುವುದರೊಳಗೆ ಸೀಟಿ ಬಂದ್. ಹೊಗೆ ಬಂದ್. ಗಾಡಿ ಸುದ್ದ. ಮೆಕ್ಯಾನಿಕ್ ನಾಗಲಿಂಗ ಬಾನೆಟ್ ಎತ್ತಿ ನೋಡಿ, "ಏನೂ ಇಲ್ಲಲ್ಲ ಬಾಯಿ" ಅನ್ನುತ್ತಾನೆ. ಸ್ಟ್ಯಾಂಡಿನ ಡ್ರೈವರುಗಳಿಗೆ ಹಬ್ಬ. "ಚಂದ್ರಾಬಾಯಿ, ಗಾಡಿಗಿ ನಿನ್ನ ಕಂಡ್ರ ನಾಚಿಕಿ ಬರತದ ನೋಡು, ಅದಕ್ಕ ಸೀಟಿ ಹೊಡೀತದ" ಅನ್ನುತ್ತಾರೆ. ಮುಂಜಾನೆಯ ಮಂದಿಯಲ್ಲಿ ಅರ್ಧ ಜನ ಈಗ ಬೇರೆ ಜೀಪು ಹತ್ತುತ್ತಿದ್ದಾರೆ.

ಸೋರುತ್ತದೋ ಇಲ್ಲವೋ ಎಂದು ನೀವು ಕೇಳಿದ್ದೀರಿ. ಅದರ ಮೇಲೆ ದಿನಾ ಕೂತು ಹೋಗುವವಳು ನಾನು, ನನಗೇ ತಿಳಿಯುತ್ತಿಲ್ಲ.

ಒಂದು ಮಾತು ಕೇಳುತ್ತೇನೆ. ನಿಮ್ಮ ಕಾರ್ಖಾನೆಯವರು ಎಂಥ ಮಂದಿ? ಕೊಟ್ಟ ಮಾತಿಗೆ ನಿಲ್ಲುವವರೇನು?

ಚಂದ್ರಭಾಗಾ


ಖಾಸಬಾಗ
೧೧ ಡಿಸೆಂಬರ್ ೨೦೨೪

ಚಂದ್ರಭಾಗಾಬಾಯಿ ಅವರಿಗೆ,

ನಿಮ್ಮ ಕಾಗದ ಓದಿ ತಲೆ ಕೆಟ್ಟಿತು. ತೂತು ಎಂದರೆ ತೂತು. ಮುಂಜಾನೆ ಇದ್ದು ಮಧ್ಯಾಹ್ನ ಮಾಯವಾಗುವ ತೂತನ್ನು ನಾನು ಇಲ್ಲಿಯತನಕ ಕಂಡಿಲ್ಲ. ಒಂದೋ ಪೀಸು ಸೋರುತ್ತದೆ, ಇಲ್ಲವೇ ಪೈಪು ಸೋರುತ್ತದೆ, ಇಲ್ಲವೇ ನಿಮಗೆ ಯಾರೋ ಹೀಗೆ ಬರೆಯಿರಿ ಎಂದು ಹೇಳಿಕೊಟ್ಟಿದ್ದಾರೆ.

ಸಿಟ್ಟಾಗಬೇಡಿರಿ, ಕಾರಣ ಹೇಳುತ್ತೇನೆ. ನಾನು ದಿನಾ ಕಾರ್ಖಾನೆಯ ಗೇಟಿಗೆ ಹೋಗಿ ಕೂಡುತ್ತೇನೆ. ಊಟದ ಬಿಡುವಿನಲ್ಲಿ ಹೆಂಗಸರು ಹೊರಗೆ ಬಂದು ನನ್ನ ಬಾಜು ಕುಳಿತು ರೊಟ್ಟಿ ತಿನ್ನುತ್ತಾರೆ. ನಿನ್ನೆ ಶಶಿಧರ ಅಲ್ಲಿಗೇ ಬಂದು, "ಮರಾಠಿ ಬಾಯಿ ಒಬ್ಬಾಕಿ ಕನ್ನಡದಾಕಿ ಮ್ಯಾಲೆ ತಕ್ರಾರ ಮಾಡ್ಯಾಳ. ಈಗರೆ ತಿಳೀತೇನ, ಯಾರು ಯಾರ ಮಂದಿ ಅಂತ?" ಅಂದ. ಗಂಗಾದೇವಿ, "ನೀ ಯಾರ ಮಂದಿ ಮೊದಲ ಅದನ್ನ ಹೇಳು" ಎಂದು ಅವನ ಬಾಯಿ ಮುಚ್ಚಿಸಿದಳು. ನಾನು ಅವನ ಮಾತು ನಂಬಲಿಲ್ಲ. ಆದರೂ ಕೇಳದೆ ಇರಲಾಗಲಿಲ್ಲ, ಕೇಳಿದ್ದೇನೆ.

ನೀವು ಖರೇ ಹೇಳುತ್ತಿದ್ದರೆ ಹೀಗೆ ಮಾಡಿರಿ. ನಾಗಲಿಂಗನಿಗೆ ಹೇಳಿ ಪೀಸು ಬಿಚ್ಚಿಸಿರಿ. ಎರಡೂ ಬಾಯಿ ಮುಚ್ಚಿ, ಗಾಳಿ ತುಂಬಿ ನೀರಿಗೆ ಹಾಕಲಿ. ಲಾರಿ ಟೈರಿಗೆ ಹೊಡೆದಂತೆ ಗಾಳಿ ಹೊಡೆಯಬಾರದು, ಪ್ಲಾಸ್ಟಿಕ್ ಮುಚ್ಚಳ ಹಾರಿ ಮುಖಕ್ಕೆ ಬಡಿದೀತು. ಸ್ವಲ್ಪವೇ ಸಾಕು. ಎರಡು ತುದಿಗೆ ಕರಿ ಪ್ಲಾಸ್ಟಿಕ್ ಮುಚ್ಚಳ ಇವೆ. ಮುಚ್ಚಳ ಅಲ್ಯುಮಿನಿಯಂಗೆ ಕೂಡುವ ಸಂದಿನಲ್ಲಿ ರಬ್ಬರ್ ಉಂಗುರ ಇರುತ್ತದೆ. ಅಲ್ಲಿ ಕಣ್ಣಿಡಿರಿ. ಸೋರಿದರೆ ಅಲ್ಲೇ ಸೋರಬೇಕು.

ಕಾರ್ಖಾನೆಯವರು ಎಂಥವರು ಎಂದು ಯಾಕೆ ಕೇಳಿದಿರಿ?

ನಾಗರತ್ನಾ


ಖಾನಾಪುರ
೧೫ ಡಿಸೆಂಬರ್ ೨೦೨೪

ನಾಗರತ್ನಾಬಾಯಿ,

ನನ್ನ ಜೀಪು ಏರಿನಲ್ಲಿ ನಿಂತಾಗ ಯಾವ ಭಾಷೆಯಲ್ಲಿ ನಿಂತಿತು ಎಂದು ಕೇಳುತ್ತೀರೇನು? ಒಳಗೆ ಕೂತವರಲ್ಲಿ ಕನ್ನಡದವರೂ ಇದ್ದರು, ಮರಾಠಿಯವರೂ ಇದ್ದರು, ಗೌಳಿಯವರೂ ಇದ್ದರು. ಎಲ್ಲರೂ ಇಳಿದು ಕಾಲಲ್ಲೇ ಹತ್ತಿದರು. ಮೆರವಣಿಗೆಯಲ್ಲಿ ಕೂಗುವವರು ಕೂಗಲಿ. ದುಡಿದು ತಿನ್ನುವ ಹೆಂಗಸು ನೀವು, ನೀವೂ ಇದನ್ನು ಕೇಳುವುದೇ? ಎರಡು ದಿನ ನಿಮ್ಮ ಕಾಗದಕ್ಕೆ ಉತ್ತರ ಬರೆಯಬಾರದು ಎಂದೇ ಇದ್ದೆ.

ಆದರೂ ನೀವು ಹೇಳಿದ ಹಾಗೆ ಮಾಡಿದೆ. ಮಧ್ಯಾಹ್ನ ಬಿಸಿಲು ಏರಿದ ಮೇಲೆ ನಾಗಲಿಂಗ ಪೀಸು ಬಿಚ್ಚಿದ. ಗ್ಯಾರೇಜಿನ ಅಂಗಳದಲ್ಲಿ ದನಕ್ಕೆ ನೀರು ಕುಡಿಸುವ ಕಲ್ಲಬಾನಿ ಇದೆ, ಅದರಲ್ಲಿ ಮುಳುಗಿಸಿದ. ನಾನೂ ಬಗ್ಗಿ ನೋಡಿದೆ. ಒಂದು ಗುಳ್ಳೆ ಇಲ್ಲ. ತಿರುಗಿಸಿ ಮುರುಗಿಸಿ ನೋಡಿದೆವು. ಇಲ್ಲ.

"ಬಾಯಿ, ಪೀಸು ಚೊಕ್ಕ ಅದ. ನಿನ್ನ ಕಿವಿ ಡಾಕ್ಟರಗ ತೋರಿಸಿಕೊಂಡ ಬಾ" ಅಂದ ನಾಗಲಿಂಗ.

ಮರುದಿನ ಮುಂಜಾನೆ ಅದೇ ಏರಿನಲ್ಲಿ ಅದೇ ಸೀಟಿ. ನನಗೇ ಹುಚ್ಚು ಹಿಡಿದಿದೆಯೇನೋ ಅನ್ನಿಸಿ ಹಿಂದೆ ಕೂತ ಹುಡುಗಿಯನ್ನು ಕೇಳಿದೆ, "ನಿನಗೂ ಕೇಳತದೇನ?" "ಕೇಳತದ ಮಾವಶಿ, ದಿನಾ ಕೇಳತದ" ಅಂದಳು.

ಪೀಸು ಸೋರುವುದಿಲ್ಲ. ಗಾಡಿ ಸೋರುತ್ತದೆ. ಇದರ ಅರ್ಥ ನೀವೇ ಹೇಳಬೇಕು.

ಚಂದ್ರಭಾಗಾ


ಖಾಸಬಾಗ
೧೭ ಡಿಸೆಂಬರ್ ೨೦೨೪

ಚಂದ್ರಭಾಗಾ ಅಕ್ಕಾ,

ಅಕ್ಕಾ ಅಂದರೆ ನಡೆಯುತ್ತದಲ್ಲ? ಹಿಂದಿನ ಕಾಗದದಲ್ಲಿ ಕೇಳಬಾರದ್ದು ಕೇಳಿದೆ. ಕೆಲಸವಿಲ್ಲದೆ ಕೂತರೆ ಮನುಷ್ಯನ ಬುದ್ಧಿಗೆ ತುಕ್ಕು ಹಿಡಿಯುತ್ತದೆ. ಕ್ಷಮಿಸಿರಿ.

ನೀರಿನಲ್ಲಿ ಗುಳ್ಳೆ ಏಳಲಿಲ್ಲ ಎಂದು ಬರೆದಿದ್ದೀರಿ. ನನಗೆ ಅಷ್ಟು ಸಾಕು. ನಿಮ್ಮ ಕಾಗದವನ್ನು ಗೇಟಿನ ಮುಂದೆ ಓದಿ ಹೇಳಿದೆ. ಗಂಗಾದೇವಿ ತನ್ನ ಡಬ್ಬಿಯ ಶೇಂಗಾ ಹೋಳಿಗೆ ಮುರಿದು ನನ್ನ ಬಾಯಿಗೇ ತುರುಕಿದಳು. ಏರಿನಲ್ಲಿ ಬರುವ ಸೀಟಿ ಪೈಪಿನದಿರಬಹುದು, ಕ್ಲಾಂಪಿನದಿರಬಹುದು, ಅದನ್ನು ನಾಗಲಿಂಗ ನೋಡಲಿ.

ಈಗ ಒಂದು ಉಪಕಾರ ಮಾಡಬೇಕು. "ಪೀಸನ್ನು ನನ್ನ ಎದುರಿಗೆ ನೀರಿನಲ್ಲಿ ಮುಳುಗಿಸಿ ನೋಡಲಾಗಿದೆ, ಸೋರಿಲ್ಲ" ಎಂದು ಬರೆದು, ನೀವೂ ನಾಗಲಿಂಗನೂ ಸಹಿ ಮಾಡಿ ಭರಮಣ್ಣನ ಕೈಯಲ್ಲಿ ಕೊಡಿರಿ. ಹತ್ತನೆಯ ತಾರೀಖು ಅದನ್ನು ಅಧಿಕಾರಿಯ ಮೇಜಿನ ಮೇಲೆ ಇಟ್ಟರೆ ಶಶಿಧರನ ಬಾಯಿಗೆ ಬೂಚು ಬಿಗಿದ ಹಾಗೆ.

ನಿಮ್ಮ ತಂಗಿ,
ನಾಗರತ್ನಾ


ಖಾನಾಪುರ
೨೨ ಡಿಸೆಂಬರ್ ೨೦೨೪

ನಾಗರತ್ನಾ ಅವರಿಗೆ,

ಬರೆದು ಕೊಡಲಾರೆ.

ನೀವು ಕೇಳಿದ ಎರಡು ಸಾಲು ಬರೆದೂ ಇದ್ದೆ. ಸಹಿ ಮಾಡುವಾಗ ಕೈ ನಿಂತಿತು. ಮಧ್ಯಾಹ್ನ ನೋಡಿದೆವು, ಮುಂಜಾನೆ ನೋಡಲಿಲ್ಲವಲ್ಲ ಅನ್ನಿಸಿತು. ನಾಗಲಿಂಗನ ಕಾಲು ಹಿಡಿದು ಗಾಡಿಯನ್ನು ಅವನ ಅಂಗಳದಲ್ಲೇ ಬಿಟ್ಟೆ. ಮಂಜು ಇನ್ನೂ ಇಳಿಯುತ್ತಿರುವಾಗ ಅವನನ್ನು ಎಬ್ಬಿಸಿದೆ. ಕಂಬಳಿ ಹೊದ್ದುಕೊಂಡೇ ಬಂದು ಬೈಯುತ್ತ ಬಿಚ್ಚಿದ. ಅದೇ ಪೀಸು, ಅದೇ ಬೂಚು, ಅಷ್ಟೇ ಗಾಳಿ, ಅದೇ ಕಲ್ಲಬಾನಿ. ನೀರು ಕೈ ಕಡಿಯುವಷ್ಟು ತಣ್ಣಗೆ. ಮುಚ್ಚಳದ ಸಂದಿನಿಂದ ಸಾಸಿವೆ ಕಾಳಿನಂಥ ಗುಳ್ಳೆ ಸಾಲಾಗಿ ಎದ್ದವು. ನೀವು ಹೇಳಿದ ಜಾಗದಲ್ಲೇ. ನಾಗಲಿಂಗ ಬೈಯುವುದನ್ನು ನಿಲ್ಲಿಸಿದ.

ಬಿಸಿಲು ಬಂದ ಮೇಲೆ ಮತ್ತೆ ಹಾಕಿದೆವು. ಇಲ್ಲ. "ಇದರಾಗ ಏನೋ ಹೊಕ್ಕೊಂಡದ, ಹೊತ್ತೇರಿದ ಮ್ಯಾಲೆ ಎದ್ದು ಹೋಗತದ" ಅಂದ. ನಗು ಬರಲಿಲ್ಲ ನನಗೆ.

ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ನಿಮ್ಮ ಮೊದಲ ಕಾಗದ ಬರುವುದಕ್ಕೆ ಮುಂಚೆಯೇ ಶಶಿಧರ ಇಲ್ಲಿಗೆ ಬಂದಿದ್ದ. ಚಂದ ಮರಾಠಿ ಮಾತಾಡಿದ. ಗಾಡಿಯಲ್ಲಿರುವ ಪೀಸು ಕೊಟ್ಟು, ಆ ಹಳದಿ ಚುಕ್ಕೆಯ ಪೀಸು ಸೋರಿದೆ ಎಂದು ಸಹಿ ಮಾಡಿದರೆ ಹೊಸ ಪೀಸು ಪುಕ್ಕಟೆ ಹಾಕಿಸಿ ಕೊಡುತ್ತೇನೆ ಅಂದ. ನಾನು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಅವನು ಮತ್ತೆ ಬರುತ್ತಾನೆ.

ನನಗೆ ತಿಳಿಯದ್ದು ನಿಮಗೆ ತಿಳಿಯಬೇಕು. ನಿಮ್ಮ ಟ್ಯಾಂಕಿಗೂ ನನ್ನ ಬಾನಿಗೂ ಏನು ಫರಕು? ತಡಮಾಡದೆ ಬರೆಯಿರಿ.

ಚಂದ್ರಭಾಗಾ


ಖಾನಾಪುರ
೩೧ ಡಿಸೆಂಬರ್ ೨೦೨೪

ನಾಗರತ್ನಾ ಅವರಿಗೆ,

ನಿಮ್ಮಿಂದ ಉತ್ತರ ಇಲ್ಲ. ಕಾಗದ ನಿಮ್ಮ ಕೈಗೇ ಕೊಟ್ಟೆ ಎಂದು ಭರಮಣ್ಣ ಆಣೆ ಮಾಡುತ್ತಾನೆ. "ಓದಿ ಮಡಚಿ ಒಳಗ ಹೋದಳು, ಚಹಾ ಸೈತ ಕೇಳಲಿಲ್ಲ" ಅನ್ನುತ್ತಾನೆ.

ನಾನು ಬರೆದು ಕೊಡಲಿಲ್ಲ ಎಂದು ಸಿಟ್ಟೇ? ಪೀಸು ಸೋರುತ್ತದೆ ಎಂದು ನಿಮಗೆ ಮೊದಲೇ ಗೊತ್ತಿತ್ತೇ? ಬೇಕಾದ ಮಾತು ಬರೆದಾಗ ಅಕ್ಕಾ, ಬೇಡಾದ ಮಾತು ಬರೆದಾಗ ಬಾಗಿಲು ಮುಚ್ಚುವುದು. ಸಂಘದವರು ಹೀಗೇನು?

ಶಶಿಧರ ಎರಡನೆಯ ತಾರೀಖು ಬರುತ್ತೇನೆ ಎಂದು ಹೇಳಿ ಕಳಿಸಿದ್ದಾನೆ. ಚಳಿ ಜಾಸ್ತಿಯಾಗಿದೆ, ಸೀಟಿಯೂ ಜಾಸ್ತಿಯಾಗಿದೆ. ಮಂದಿಯನ್ನು ದಿನಾ ಏರಿನಲ್ಲಿ ಇಳಿಸಿ ನಡೆಸಲಾರೆ.

ಚಂದ್ರಭಾಗಾ


ಖಾಸಬಾಗ
೪ ಜನವರಿ ೨೦೨೫

ಅಕ್ಕಾ,

ನಿಮ್ಮ ಪ್ರಶ್ನೆ ಓದಿದ ಕೂಡಲೆ ಉತ್ತರ ಹೊಳೆಯಿತು. ಅದಕ್ಕೇ ಬರೆಯಲಿಲ್ಲ.

ನಮ್ಮ ಟ್ಯಾಂಕಿನ ನೀರು ಬೆಚ್ಚಗಿರುತ್ತದೆ.

ಮೊದಲು ಹಾಗಿರಲಿಲ್ಲ. ಬೆಳಗಾವಿಯ ಚಳಿಗಾಲದ ನೀರಿನಲ್ಲಿ ಮುಂಜಾನೆಯಿಂದ ಸಂಜೆಯತನಕ ಮೊಣಕೈ ಮುಳುಗಿಸಿ ನಿಂತರೆ ಏನಾಗುತ್ತದೆ ಎಂದು ಮಾಲಕನಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಗರಜೂ ಇರಲಿಲ್ಲ. ನಮ್ಮ ಬೆರಳ ಸಂದು ಒಡೆದು ರಕ್ತ ಬರುತ್ತಿತ್ತು. ಗಂಗಾದೇವಿ ಮನೆಗೆ ಹೋಗಿ ರೊಟ್ಟಿ ಬಡಿಯಲಾರದೆ ಹಿಟ್ಟಿನ ಮುಂದೆ ಕೂತು ಅತ್ತವಳು. ಹೋದ ಚಳಿಗಾಲದ ಹಿಂದಿನ ಚಳಿಗಾಲದಲ್ಲಿ ನಾವು ಗೇಟಿಗೆ ಕುಳಿತೆವು. ಟ್ಯಾಂಕಿಗೆ ಹೀಟರ್ ಹಾಕಿ, ಇಲ್ಲವೇ ನೀವೇ ಬಂದು ಕೈ ಇಡಿ ಎಂದು ಕೂಗಿದೆವು. ಎಷ್ಟೋ ದಿನ ಕೂಡಬೇಕಾದೀತು ಎಂದು ಚಾಪೆ, ಸ್ಟೋವು ತಂದಿದ್ದೆವು. ಮಾಲಕ ಮೂರನೆಯ ದಿನಕ್ಕೇ ಒಪ್ಪಿಕೊಂಡ. ಅದು ಸಂಘದ ಮೊದಲ ಗೆಲುವು. ಆ ಹೀಟರಿಗೆ ಊದಿನಕಡ್ಡಿ ಬೆಳಗಿದ್ದೇವೆ ಅಕ್ಕಾ, ನಗಬೇಡಿರಿ.

ಈಗ ತಿಳಿಯುತ್ತಿದೆ. ಬೆಚ್ಚನೆಯ ನೀರಿನಲ್ಲಿ ರಬ್ಬರ್ ಉಂಗುರ ಮೆತ್ತಗಾಗಿ, ಉಬ್ಬಿ ಸಂದು ಮುಚ್ಚುತ್ತದೆ. ನಿಮ್ಮ ಬಾನಿಯ ಮುಂಜಾನೆಯ ನೀರಿನಲ್ಲಿ ಸೆಟೆದು ಬಿಟ್ಟುಕೊಡುತ್ತದೆ. ಜೀಪಿನಲ್ಲಿಯೂ ಅದೇ. ತಣ್ಣಗಿರುವಾಗ ಸೋರುತ್ತದೆ, ಓಡಿ ಓಡಿ ಕಾದ ಮೇಲೆ ಮುಚ್ಚಿಕೊಳ್ಳುತ್ತದೆ. ನಾನು ಕಂಡದ್ದೂ ಖರೇ, ನೀವು ಕೇಳಿದ್ದೂ ಖರೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹಳೆಯ ಉಂಗುರ ಹೀಗೆ ಮಾಡುತ್ತಿರಲಿಲ್ಲ. ಹೀಟರ್ ಬಂದ ಚಳಿಗಾಲದಲ್ಲೇ ಮಾಲಕ ಬೇರೆ ಕಡೆಯಿಂದ ಅಗ್ಗದ ಉಂಗುರ ತರಿಸಲು ಶುರು ಮಾಡಿದ. ಮೊದಲು ಯಾವುದು ಬಂತು, ಉಂಗುರವೋ ಹೀಟರೋ, ನೆನಪಾಗುತ್ತಿಲ್ಲ. ಯಾಕೆಂದು ಹೇಳದೆ ಗಂಗಾದೇವಿಯನ್ನು ಕೇಳಿದೆ, ಅವಳಿಗೂ ನೆನಪಿಲ್ಲ. ಮೂರೇ ದಿನಕ್ಕೆ ಅವನು ಯಾಕೆ ಒಪ್ಪಿದ? ನಮಗೆ ಹೆದರಿದನೇ? ಬಿಸಿನೀರಿನಲ್ಲಿ ಕೆಟ್ಟ ಪೀಸೂ ಪಾಸಾಗುತ್ತದೆ ಎಂದು ಗೊತ್ತಿದ್ದೇ ಒಪ್ಪಿದನೇ? ನಾವು ಘೋಷಣೆ ಕೂಗಿ ಪಡೆದದ್ದು ಅವನಿಗೆ ಬೇಕಾದದ್ದೇ ಆಗಿತ್ತೇ? ಹತ್ತು ದಿನದಿಂದ ಇದನ್ನೇ ತಿರುವಿ ಹಾಕುತ್ತಿದ್ದೇನೆ. ಒಂದು ದಡ ಸಿಗುತ್ತಿಲ್ಲ.

ಹತ್ತನೆಯ ತಾರೀಖು ಇದನ್ನು ಬಾಯಿಬಿಟ್ಟು ಹೇಳಿದರೆ ನನ್ನ ಕಣ್ಣು ಸರಿಯಿದೆ ಎಂದು ಸಾಬೀತಾಗುತ್ತದೆ. ಅದೇ ದಿನ ಹೀಟರ್ ಹೋಗುತ್ತದೆ. ನನ್ನ ಕೆಲಸಕ್ಕೆ ಎಲ್ಲ ಹೆಂಗಸರ ಕೈ ಮಾರಿದ ಹಾಗೆ. ಹೇಳದಿದ್ದರೆ ನಿಮ್ಮ ಏರಿನಂಥ ಏರುಗಳಲ್ಲಿ ಗಾಡಿಗಳು ಹಿಂದಕ್ಕೆ ಜಾರುತ್ತಲೇ ಇರುತ್ತವೆ.

ಗೇಟಿನ ಹೆಂಗಸರಿಗೆ ಇನ್ನೂ ಹೇಳಿಲ್ಲ. ಆ ಪೀಸನ್ನು ಮಾತ್ರ ಶಶಿಧರನಿಗೆ ಕೊಡಬೇಡಿರಿ, ಕೈಮುಗಿಯುತ್ತೇನೆ.

ನಾಗರತ್ನಾ


ಖಾನಾಪುರ
೬ ಜನವರಿ ೨೦೨೫

ನಾಗರತ್ನಾ,

ಕೊಟ್ಟಾಯಿತು. ಎರಡನೆಯ ತಾರೀಖೇ ಕೊಟ್ಟೆ. ಸಹಿಯನ್ನೂ ಮಾಡಿದೆ. ಹಳದಿ ಚುಕ್ಕೆಯ ಪೀಸು ಸೋರಿದೆ ಎಂದು ಬರೆದಿತ್ತು. ಸುಳ್ಳಲ್ಲವಲ್ಲ. ನಿನ್ನ ಕಾಗದ ನಾಲ್ಕು ದಿನ ಮೊದಲು ಬಂದಿದ್ದರೆ ಕೊಡುತ್ತಿರಲಿಲ್ಲ. ಇನ್ನು ಮೇಲೆ ನಾನು ನಿನಗೆ ನೀನು ಅನ್ನುವವಳೇ. ಬೈಯಬೇಕಾದರೆ ನೀವು ಅಂದು ಬೈಯಲು ಬರುವುದಿಲ್ಲ.

ನಿಮ್ಮ ಬಿಸಿನೀರಿನ ಮೇಲೆ ನನಗೆ ಸಿಟ್ಟಿಲ್ಲ. ಕೈ ಬೆಚ್ಚಗಿರಬೇಕು ಎಂದು ಕೇಳುವುದು ತಪ್ಪೇನು? ಸಿಟ್ಟು ಇರುವುದು ನೀನು ಬಾಯಿ ಮುಚ್ಚಿಕೊಂಡು ಕೂತದ್ದರ ಮೇಲೆ. ನೀನು ಹತ್ತು ದಿನ ಯೋಚನೆ ಮಾಡಿದೆ. ಆ ಹತ್ತು ದಿನವೂ ನಾನು ಮಂದಿಯನ್ನು ಕೂರಿಸಿಕೊಂಡು ಆ ಏರು ಹತ್ತಿದೆ. ಮಾಲಕ ಯಾಕೆ ಒಪ್ಪಿದ ಎಂದು ಅವನ ಹೊಟ್ಟೆಯೊಳಗೆ ಹೊಕ್ಕು ನೋಡಲು ನಿನಗಾಗುವುದಿಲ್ಲ. ಬಿಡು ಅದನ್ನು. ಗೆದ್ದದ್ದನ್ನು ಮುಟ್ಟಿ ನೋಡಲು ಹೆದರುವ ಸಂಘ ಎಂಥ ಸಂಘ?

ಈಗ ಕೇಳು. ಅವನು ಹಾಕಿಸಿ ಕೊಟ್ಟ ಹೊಸ ಪೀಸಿನ ಮೂಲೆಯಲ್ಲಿ ಕೆಂಪು ಚುಕ್ಕೆ ಇದೆ. ನೀನು ಮನೆಯಲ್ಲಿದ್ದಾಗ ಬೇರೆ ಯಾರೋ ಇಟ್ಟದ್ದು. ನಿನ್ನೆ ಮುಂಜಾನೆ ಏರಿನಲ್ಲಿ ಅದೂ ಸೀಟಿ ಹೊಡೆಯಿತು. ಹಳೆಯದಕ್ಕಿಂತ ಜೋರಾಗಿ. ಇವತ್ತು ಕತ್ತಲೆ ಹರಿಯುವ ಮುಂಚೆ ಬಾನಿಗೆ ಹಾಕಿದೆವು. ಈ ಸಲ ಎರಡೂ ಮುಚ್ಚಳದಿಂದ ಗುಳ್ಳೆ. ನಾಗಲಿಂಗ, "ಪುಕ್ಕಟೆ ಸಿಕ್ಕ ಎತ್ತಿಗಿ ಹಲ್ಲ ಎಣಿಸಬಾರದು ಅಂತಾರ ಬಾಯಿ, ಇದಕ್ಕ ಹಲ್ಲೇ ಇಲ್ಲ" ಅಂದ.

ಅಂದಮೇಲೆ ಸೋರಿದ್ದು ನಿನ್ನ ಕೈಯಿಂದಲ್ಲ. ಯಾರು ಚುಕ್ಕೆ ಇಟ್ಟರೂ ಸೋರುತ್ತವೆ. ಶಶಿಧರ ತಾನೇ ಆರಿಸಿ ತಂದು ಕೊಟ್ಟ ಪೀಸು ನನ್ನ ಹತ್ತಿರ ಇದೆ. ಹತ್ತನೆಯ ತಾರೀಖು ಬಿಚ್ಚಿ ತರುತ್ತೇನೆ. ಆ ಜಾಗಕ್ಕೆ ನಾಗಲಿಂಗ ಬರೀ ಪೈಪು ಜೋಡಿಸುತ್ತಾನಂತೆ, ದಮ್ಮು ಕಡಿಮೆ, ಬೆಳಗಾವಿ ರಸ್ತೆಗೆ ನಡೆಯುತ್ತದೆ. ಜಿಲ್ಲಾ ದವಾಖಾನೆಗೆ ಒಬ್ಬ ಪೇಷಂಟನ್ನೂ ಕರೆತರಬೇಕಿದೆ.

ಅದಕ್ಕೂ ಮೊದಲು ನಿಮ್ಮ ಹೆಂಗಸರಿಗೆ ನೀನೇ ಹೇಳು. ನಾನು ಬಂದು ಹೇಳಿದರೆ ಚಾಡಿ ಆಗುತ್ತದೆ.

ಚಂದ್ರಭಾಗಾ


ಖಾಸಬಾಗ
೧೨ ಜನವರಿ ೨೦೨೫

ಅಕ್ಕಾ,

ನೀನು ಪೀಸು ಇಳಿಸಿ, ಅಧಿಕಾರಿಗೆ ನಾಲ್ಕು ಮಾತು ಹೇಳಿ, ದವಾಖಾನೆಯಲ್ಲಿ ಪೇಷಂಟು ಕಾಯುತ್ತಾರೆ ಎಂದು ಹೊರಟುಬಿಟ್ಟೆ. ಆಮೇಲೆ ಆದದ್ದನ್ನು ನೀನು ತಿಳಿಯಲೇಬೇಕು.

ಮೊದಲು ಗೇಟಿನ ಸಂಗತಿ. ಕೆಂಪು ಚುಕ್ಕೆ ಗಂಗಾದೇವಿಯದು. ಹೀಟರಿನ ಸಂಗತಿ ಹೇಳಿ, ನಿನ್ನ ಕಾಗದ ಓದಿ ಮುಗಿಸುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. "ನಿನ್ನ ನೌಕರಿ ಉಳೀಲಾಕ ನನ್ನ ಚುಕ್ಕಿ ಬೇಕಾತೇನ? ಈಗ ಹೀಟರೂ ಕಳೀತಿ, ನನ್ನೂ ಮನಿಗೆ ಕಳಸ್ತಿ" ಅಂದಳು. ಇನ್ನೊಬ್ಬಳು, "ಇಷ್ಟು ದಿನ ಗೊತ್ತಿದ್ದೂ ನಮ್ಮ ಬಾಜು ಕುಂತು ರೊಟ್ಟಿ ತಿಂದೀಯಲ್ಲ" ಅಂದಳು. ಮರುದಿನ ನನ್ನ ಬಾಜು ಯಾರೂ ಕೂಡಲಿಲ್ಲ.

ವಿಚಾರಣೆಯಲ್ಲಿ ನಾನು ಎದ್ದು, ಹಳದಿ ಚುಕ್ಕೆಯ ಪೀಸು ಸೋರುತ್ತದೆ, ಅದನ್ನು ಪಾಸು ಮಾಡಿದವಳು ನಾನೇ ಎಂದೆ. ಶಶಿಧರ ಅಧಿಕಾರಿಯ ಕಡೆ ತಿರುಗಿ, "ಒಪ್ಪಿಕೊಂಡಳಲ್ರಿ ಸಾಹೇಬ್ರ" ಅಂದ. ಕೆಂಪು ಚುಕ್ಕೆಯ ಪೀಸನ್ನೂ ನೋಡಿರಿ ಎಂದೆ. ನೀನು ತಂದ ಪೀಸನ್ನು ಮೊದಲು ನಮ್ಮ ಟ್ಯಾಂಕಿಗೆ ಹಾಕಿದರು. ಗುಳ್ಳೆ ಇಲ್ಲ. ಆಮೇಲೆ ಅಂಗಳದಲ್ಲಿ ಇಡೀ ರಾತ್ರಿ ಚಳಿಯಲ್ಲಿ ನಿಂತಿದ್ದ ಡ್ರಮ್ಮಿನ ನೀರಿಗೆ ಹಾಕಬೇಕು ಎಂದೆ. ಕಾದ ಪೀಸು ತಣಿಯುವತನಕ ಹಿಡಿದುಕೊಂಡಿರಬೇಕು. ಯಾರು ಹಿಡಿಯುವುದು?

ಗಂಗಾದೇವಿ ಅಂದಳು, "ಶಶಿಧರ ಸಾಹೇಬ್ರು ಹಿಡೀಲಿ. ನಾವು ಹಿಡದ್ರ ಅಲುಗಾಡಿಸಿ ಗುಳ್ಳಿ ಎಬ್ಬಸ್ತೀವಿ ಅಂದಾರು."

"ಇದರಾಗೇನದ, ನೀರ ನೀರ" ಎಂದು ಅವನು ತೋಳು ಮಡಚಿದ. ಹಿಡಿದ. ನಾವೆಲ್ಲ ಸುತ್ತ ನಿಂತೆವು. ಅವನು ಮೊದಲು ತುಟಿ ಕಚ್ಚಿದ, ಆಮೇಲೆ ಕಾಲು ಬದಲಿಸಿದ. ಗುಳ್ಳೆ ಏಳುವ ಮೊದಲೇ ಕೈ ಕಿತ್ತುಕೊಂಡು ಕಂಕುಳಲ್ಲಿ ಅವುಚಿದ. ಗಂಗಾದೇವಿ ತನ್ನ ಕೈ ಇಳಿಸಿ ಪೀಸನ್ನು ತಳದಲ್ಲಿ ಅದುಮಿ ಹಿಡಿದಳು. ತನ್ನದೇ ಚುಕ್ಕೆಯ ಪೀಸು, ತನ್ನ ನೌಕರಿ ಕಳೆಯಬಹುದಾದ ಪೀಸು. ಹೊತ್ತು ಹಿಡಿಯಿತು. ಎರಡೂ ಮುಚ್ಚಳದಿಂದ ಗುಳ್ಳೆ ಸುರಿದವು.

ಅಧಿಕಾರಿ ಪೀಸನ್ನು ಸೀಲ್ ಮಾಡಿ ಒಯ್ದ. ತನಿಖೆ ಮುಗಿಯುವತನಕ ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು ಬಾಯಿಮಾತಿನಲ್ಲಿ ಹೇಳಿದ್ದಾನೆ. ಉಂಗುರದ ಬಗ್ಗೆ ಬರೆದುಕೊಂಡ. ಏನು ಬರೆದುಕೊಂಡನೋ ಕಾಣಲಿಲ್ಲ. ಅವನ ಜೀಪು ತಿರುವು ದಾಟುತ್ತಲೇ ಶಶಿಧರ ಹೀಟರಿನ ವಾಯರು ಕಿತ್ತು ಹೆಗಲಿಗೆ ಹಾಕಿಕೊಂಡ. "ತಣ್ಣೀರ ಬೇಕಲ್ಲ ನಿಮಗ? ತಗೋರಿ" ಅಂದ. ಹೆಂಗಸರು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ನಿನ್ನೆ ಕೆಲಸಕ್ಕೆ ಹೋದೆ. ಇಷ್ಟು ದಿನ ಯಾವುದಕ್ಕೆ ಬಾಯಿಬಾಯಿ ಬಡಿದುಕೊಂಡೆನೋ ಆ ಜಾಗ ನನಗೆ ಸಿಕ್ಕಿತ್ತು. ಟ್ಯಾಂಕಿನ ನೀರು ಮುಟ್ಟಿದರೆ ಎಲುಬಿಗೆ ಹತ್ತುವಂತಿತ್ತು. ಗಂಗಾದೇವಿ ಬೂಚು ಬಿಗಿದು, ಗಾಳಿ ತುಂಬಿ, ಪೀಸನ್ನು ನನ್ನ ಮುಂದೆ ಇಟ್ಟಳು. "ಮುಳುಗಸು. ನಿನ್ನ ನೀರು" ಅಂದಳು.

ನಾನು ಮುಳುಗಿಸಲಿಲ್ಲ. ಪೀಸನ್ನು ಮೇಜಿನ ಮೇಲೆ ಇದ್ದಲ್ಲೇ ಬಿಟ್ಟು ಕೈ ಕಟ್ಟಿ ನಿಂತೆ. ನೀರು ತಣ್ಣಗೇ ಇರಲಿ, ಇರಲೇಬೇಕು. ಮೊಣಕೈತನಕ ಮುಚ್ಚುವ ರಬ್ಬರ್ ಕೈಗವಸು ಬರಬೇಕು, ನೀರಿಗೆ ಕೈ ಹಾಕುವವರ ಪಾಳಿ ಬದಲಾಗಬೇಕು, ಹಳೆಯ ಉಂಗುರ ಬರಬೇಕು, ಹೊರಗೆ ಹೋದ ಪೀಸುಗಳನ್ನು ವಾಪಸ್ ಕರೆಸಬೇಕು. ಅಲ್ಲಿಯತನಕ ಒಂದು ಪೀಸೂ ನೀರಿಗೆ ಇಳಿಯುವುದಿಲ್ಲ, ಒಂದು ಚುಕ್ಕೆಯೂ ಬೀಳುವುದಿಲ್ಲ ಎಂದೆ. ಕೆಲಸ ಸಿಕ್ಕ ಮೊದಲ ದಿನ ನಾನು ಮಾಡಿದ ಕೆಲಸ ಇದೊಂದೇ.

ಯಾರೂ ಜೈ ಅನ್ನಲಿಲ್ಲ ಅಕ್ಕಾ. ಇಬ್ಬರು ನನ್ನನ್ನು ಬೈದು ನೀರಿಗೆ ಕೈ ಹಾಕಿದರು, ಮತ್ತೆ ತೆಗೆದರು. ಗೆದ್ದೆವೇನೇ ಎಂದು ಕೇಳಬೇಡ. ಹೋದ ಸಲ ಗೆದ್ದಾಗ ಗೊತ್ತಾಗದ್ದು ಈ ಸಲ ಹೇಗೆ ಗೊತ್ತಾಗಬೇಕು? ನಿನ್ನ ಜೀಪು ಇನ್ನೂ ಪೈಪಿನ ಮೇಲೆ ಓಡುತ್ತಿದೆ ಎಂಬುದೊಂದು ಗೊತ್ತು.

ಗಂಗಾದೇವಿ ಹೋಗಿ ಕಂಪ್ರೆಸರ್ ಬಂದ್ ಮಾಡಿದಳು. ಅದರ ಸದ್ದಿನಲ್ಲಿ ಕೂಗಿ ಮಾತಾಡಿಯೇ ನಮಗೆ ರೂಢಿ. ಸದ್ದು ನಿಂತ ಮೇಲೂ ಅದೇ ದನಿಯಲ್ಲಿ ಜಗಳಾಡಿದೆವು. ಬಾಜು ಫೌಂಡ್ರಿಯ ಗಂಡಸರು ಗೋಡೆ ಹತ್ತಿ ಇಣುಕಿ, "ಏನಾತಬೇ?" ಎಂದು ಕೇಳಿದರು.

"ಇಳದ ಬರ್ರಿ. ಈ ನೀರಾಗ ಕೈ ಇಡ್ರಿ. ಆಮ್ಯಾಲೆ ಹೇಳತೀವಿ" ಅಂದಳು ಗಂಗಾದೇವಿ.

ಒಬ್ಬ ಇಳಿದು ಬಂದ.

ನಾಗರತ್ನಾ